ಸ್ಟೈನ್‌ಮಾಟ್‌ನ ಕೊಕ್ಕೆ ಅಕ್ಷರ

ಒಂದು ಸಾಲು ಬರಹ ತೋರಿಸಿ, ಸಾಕು. ಬರೆದವರು ಯಾವ ಮಠದವರು, ಯಾರ ಕೈಕೆಳಗೆ ಕಲಿತವರು, ವಯಸ್ಸೆಷ್ಟು, ಬರೆಯುವಾಗ ಕಿಟಕಿ ಯಾವ ಪಕ್ಕಕ್ಕಿತ್ತು, ಎಲ್ಲವನ್ನೂ ಹೇಳುತ್ತೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾಗಿದ್ದರೆ ಬಿಷಪ್ಪರ ಕಥೆಯಿಂದ ಶುರುಮಾಡುತ್ತಿದ್ದೆ. ಅವರು ರೋಮಿನಿಂದ ಬಂದದ್ದು ಎಂದು ರೇಷ್ಮೆಯಲ್ಲಿ ಸುತ್ತಿ ತಂದಿದ್ದ ಪುಸ್ತಕದ ಎರಡು ಹಾಳೆ ತಿರುವಿ, ‘ಇದು ನಮ್ಮ ನದಿಯ ಆಚೆ ದಡದಲ್ಲಿ ಬರೆದದ್ದು, ಬರೆದವನಿಗೆ ನೆಗಡಿಯಾಗಿತ್ತು’ ಎಂದಿದ್ದೆ. ಬಿಷಪ್ಪರು ಆಮೇಲೆ ನಮ್ಮ ಮಠದ ಕಡೆ ಬಂದಿಲ್ಲ.

ನನ್ನ ಹೆಸರು ಇರ್ಮಿನ್‌ಗಾರ್ಟ್. ಎರ್ಲೆನ್‌ಫರ್ಟಿನ ಸನ್ಯಾಸಿನಿಯರ ಮಠದಲ್ಲಿ ಪುಸ್ತಕದ ಕಪಾಟುಗಳ ಬೀಗದ ಕೈ ಇಪ್ಪತ್ತೆಂಟು ವರ್ಷದಿಂದ ನನ್ನ ಸೊಂಟದಲ್ಲಿದೆ. ಪುಸ್ತಕಗಳು ನನ್ನ ಕಣ್ಣಿಗೆ ಊರಿನ ಜನ ಇದ್ದ ಹಾಗೆ, ನಡಿಗೆಯಲ್ಲೇ ಗುರುತು ಸಿಕ್ಕುತ್ತದೆ. ಐರ್ಲೆಂಡಿನ ಸನ್ಯಾಸಿಗಳು ಬರೆದ ಗೆರೆಯ ತಲೆ ಮೊಳೆಯ ಹಾಗೆ ಮೊನಚು. ಇಟಲಿಯ ತೆಂಕಣದವರು ಒಂದೊಂದು ಅಕ್ಷರವನ್ನೂ ಮುರಿದು ಮತ್ತೆ ಜೋಡಿಸಿದ ಹಾಗೆ ಬರೆಯುತ್ತಾರೆ. ನಮ್ಮ ಕಡೆ ನಾನು ಚಿಕ್ಕವಳಿದ್ದಾಗ ಕೊಕ್ಕೆ ಅಕ್ಷರವಿತ್ತು. ಅಕ್ಷರಗಳು ಒಂದರ ಕೈ ಒಂದು ಹಿಡಿದುಕೊಂಡು, ಬಾಲ ಸುರುಟಿಕೊಂಡು, ಬಾಯಿ ತೆರೆದುಕೊಂಡು ಸಾಲು ತುಂಬ ಗಲಾಟೆ ಮಾಡುತ್ತಿದ್ದವು. ಆಮೇಲೆ ಚಕ್ರವರ್ತಿಗಳ ಅರಮನೆಯಿಂದ ಹೊಸ ದುಂಡಕ್ಷರ ಬಂತು. ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿ, ಪ್ರತಿ ಅಕ್ಷರವೂ ಮುಖ ತೊಳೆದುಕೊಂಡು ಬಂದಂತೆ. ಎಲ್ಲ ಮಠದವರೂ ಕೈ ತಿದ್ದಿಕೊಂಡರು, ನಾನೂ ತಿದ್ದಿಕೊಂಡೆ. ಈಗಿನ ಹುಡುಗಿಯರಿಗೆ ಕೊಕ್ಕೆ ಅಕ್ಷರ ಓದಲಿಕ್ಕೂ ಬರುವುದಿಲ್ಲ. ನಮ್ಮ ಹೊಸ ಮಠಾಧಿಕಾರಿ ರೂತ್‌ಲಿಂಟ್ ಅಮ್ಮನವರಿಗೂ ಬರುವುದಿಲ್ಲ. ಅವರು ಅದನ್ನು ಒಪ್ಪಿಕೊಳ್ಳುತ್ತಾರೆ, ಅಷ್ಟರಮಟ್ಟಿಗೆ ಒಳ್ಳೆಯವರು.

ಹಿಂದಿನ ಮಠಾಧಿಕಾರಿ ಗೆರ್ಲಿಂಟ್ ಅಮ್ಮನವರು ಹೋದ ವರ್ಷ ತೀರಿಕೊಂಡರು. ಪದ್ಧತಿಯಂತೆ ಅವರ ಸಾವಿನ ಸುದ್ದಿಯನ್ನು ಚರ್ಮದ ಉದ್ದ ಸುರುಳಿಯ ತುದಿಯಲ್ಲಿ ಬರೆದು, ವಿನಿಗಿಸ್‌ನ ಕೈಗೆ ಕೊಟ್ಟು ಕಳಿಸಿದೆವು. ಅವನು ಸುರುಳಿಯನ್ನು ಮಠದಿಂದ ಮಠಕ್ಕೆ ಹೊತ್ತು ತಿರುಗಬೇಕು. ಪ್ರತಿ ಮಠದವರೂ ‘ಸುದ್ದಿ ಬಂತು, ನಿಮ್ಮವರಿಗಾಗಿ ಪ್ರಾರ್ಥಿಸಿದೆವು, ನಮ್ಮವರಿಗಾಗಿ ನೀವೂ ಪ್ರಾರ್ಥಿಸಿ’ ಎಂದು ಬರೆದು, ಕೆಳಗೆ ತಮ್ಮ ಸತ್ತವರ ಹೆಸರು ಸೇರಿಸುತ್ತಾರೆ. ಸುರುಳಿ ಉದ್ದವಾದಷ್ಟೂ ಸತ್ತವರ ದಾರಿ ಹಗುರ.

ವಿನಿಗಿಸ್‌ಗೆ ಓದು ಬರಹ ಬರುವುದಿಲ್ಲ, ಕಾಲು ಮಾತ್ರ ಬರುತ್ತದೆ. ಇಪ್ಪತ್ತು ವರ್ಷದಿಂದ ನಮ್ಮ ಸುರುಳಿಗಳನ್ನು ಹೊತ್ತವನು ಅವನೇ. ಚಳಿಗಾಲಕ್ಕೆ ಹೆಬ್ಬಾಗಿಲ ಮೇಲಿನ ಸಣ್ಣ ಕೋಣೆ ಅವನದು. ಅದರ ಗೋಡೆಗೆ ಅಡುಗೆಮನೆಯ ಹೊಗೆಗೂಡು ತಾಗಿರುವುದರಿಂದ ಬೆಚ್ಚಗಿರುತ್ತದೆ. ಹೆಂಡತಿ ಮಕ್ಕಳಿಲ್ಲ, ಬೇರೆ ಸೂರಿಲ್ಲ. ಆದರೆ ಸುರುಳಿಯಲ್ಲಿ ಸುಳ್ಳು ಬರೆಸಿದವನಿಗೆ ಮಠದ ಗೋಡೆಯೊಳಗೆ ಜಾಗವಿಲ್ಲ ಎಂಬ ನಿಯಮ ನಮ್ಮಲ್ಲಿ ಹಳೆಯದು.

ಈ ವರ್ಷ ಚಳಿಗಾಲದ ಹೊಸ್ತಿಲಲ್ಲಿ, ಸಂತ ಮಾರ್ಟಿನ್ನರ ಹಬ್ಬಕ್ಕೆ ಹತ್ತು ದಿನವಿದೆ ಎನ್ನುವಾಗ ಅವನು ವಾಪಸು ಬಂದ. ಸುರುಳಿಯಲ್ಲಿ ಇಪ್ಪತ್ತೇಳು ಮಠಗಳ ಬರಹ. ನಾನು ಅದನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಕಣ್ಣಿಗೆ ಹಬ್ಬವಾಗಲಿ ಎಂದು ಕೂತೆ. ಇಪ್ಪತ್ತಾರು ಮಠದವರೆಗೆ ಹಬ್ಬವೇ. ಇಪ್ಪತ್ತೇಳನೆಯದು, ಬೆಟ್ಟದ ಮೇಲಿನ ಸ್ಟೈನ್‌ಮಾಟ್ ಮಠದ್ದು, ಕೊಕ್ಕೆ ಅಕ್ಷರದಲ್ಲಿತ್ತು.

ಸ್ಟೈನ್‌ಮಾಟ್‌ನವರು ಕೊಕ್ಕೆ ಅಕ್ಷರ ಬಿಟ್ಟು ಮೂವತ್ತು ವರ್ಷವಾಗಿತ್ತು. ಹೋದ ವರ್ಷ ಅವರಿಂದ ಬಂದ ಕಾಗದ ನನ್ನ ಕಪಾಟಿನಲ್ಲೇ ಇತ್ತು. ತೆಗೆದು ಪಕ್ಕಕ್ಕಿಟ್ಟೆ. ಮುತ್ತು ಪೋಣಿಸಿದಂಥ ದುಂಡಕ್ಷರ. ಈ ಕಡೆ ನೋಡಿದರೆ ಸಾಲು ಇಳಿಜಾರು, ಗೆರೆ ನಡುಗಿದೆ, ಲೇಖನಿಯನ್ನು ಚರ್ಮ ಹರಿಯುವ ಹಾಗೆ ಒತ್ತಿದ್ದಾರೆ. ಅಂಚಿನಲ್ಲಿ ಬೆಣ್ಣೆಯ ಹೆಬ್ಬೆಟ್ಟು ಬೇರೆ. ಮೊದಲ ಸಾಲಿನಲ್ಲಿ ಮಠದ ಹೆಸರು, ಸುದ್ದಿ ಬಂತು ಎಂಬ ಮಾಮೂಲು ಮಾತು. ಮುಂದೆ ನಾನು ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ.

‘ಗ’ ಅಕ್ಷರದ ಬಾಲ ನೋಡಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಹಂದಿಮರಿಯ ಬಾಲದ ಹಾಗೆ ಒಳಕ್ಕೆ ಸುತ್ತಿದ ಆ ಬಾಲವನ್ನು ಲೋಕದಲ್ಲಿ ಕಲಿಸುತ್ತಿದ್ದವರು ಒಬ್ಬರೇ, ನಮ್ಮ ಮಠದ ಇಮ್ಮಾ ಅಕ್ಕ. ನನಗೂ ಕಲಿಸಿದ್ದು ಅವರೇ, ಬೆರಳಿನ ಗೆಣ್ಣಿಗೆ ಹೊಡೆದು. ಅಂದರೆ ಈ ಬರಹ ಸ್ಟೈನ್‌ಮಾಟ್‌ನದ್ದೇ ಅಲ್ಲ, ಇಲ್ಲೇ, ನಮ್ಮ ಗೋಡೆಯೊಳಗೇ ಕಲಿತ ಕೈ. ವಿನಿಗಿಸ್ ಬೆಟ್ಟ ಹತ್ತಲು ಸೋಮಾರಿತನಪಟ್ಟು ಇಲ್ಲಿ ಯಾರಿಂದಲೋ ಬರೆಸಿಕೊಂಡಿದ್ದಾನೆ! ನನಗೆ ಸಿಟ್ಟು ಬಂತು, ಜೊತೆಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಸಭೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ವಿನಿಗಿಸ್ ಬಾಗಿಲ ಹತ್ತಿರ ಟೋಪಿ ಹಿಂಡುತ್ತ ನಿಂತಿದ್ದ.

“ಬೆಟ್ಟ ಹತ್ತಿದ್ಯೇನೋ?” ಎಂದೆ.

“ಹತ್ತದೆ ಏನಮ್ಮೋರೇ? ಮೊಣಕಾಲು ಇನ್ನೂ ಬೈತಾ ಅದೆ.”

“ಯಾರು ಬರೆದುಕೊಟ್ಟಿದ್ದು?”

“ಒಬ್ಬರು ವಯಸ್ಸಾದ ಅಮ್ಮೋರು. ಕೈಯೆಲ್ಲಾ ಹಿಟ್ಟಾಗಿತ್ತು.”

“ಸ್ಟೈನ್‌ಮಾಟ್‌ನಲ್ಲಿ ಇಪ್ಪತ್ತು ಜನ ಇದ್ದಾರೆ. ಚಂದ ಬರೆಯೋರೇ ನಾಲ್ಕು ಜನ ಇದ್ದಾರೆ. ಅವರನ್ನೆಲ್ಲಾ ಬಿಟ್ಟು ಹಿಟ್ಟು ಕಲೆಸೋಳು ಬಂದು ಬರೆದಳಾ?”

“ಅದೇನೋ ನಂಗೊತ್ತಿಲ್ಲ. ಗಂಡಸರು ಒಳಗೆ ಹೋಗಂಗಿಲ್ವಲ್ಲ, ನಾನು ಬಾಗಿಲ ಕಿಂಡಿ ಹತ್ರಾನೇ ಕೂತಿದ್ದೆ. ಬಿಸಿಬಿಸಿ ಗಂಜಿ ಕೊಟ್ರು, ಲೀಕ್ ಸೊಪ್ಪು ಹಾಕಿ. ಬರೀತಾ ಬರೀತಾ ಅಳೋರು. ಯಾಕಮ್ಮಾ ಅಂದ್ರೆ, ‘ಬಾಯಲ್ಲಿ ಹೇಳಕ್ಕಾಗಲ್ಲಪ್ಪಾ, ಎಲ್ಲಾ ಇದರಲ್ಲೇ ಬರ್ದಿದೀನಿ, ಓದಿದ್ರೆ ಗೊತ್ತಾಗುತ್ತೆ’ ಅಂದ್ರು. ಓದಿ ನೋಡಿ ಅಮ್ಮೋರೇ.”

“ಓದೋದನ್ನ ನೀನು ನನಗೆ ಹೇಳಿಕೊಡ್ತೀಯಾ?” ಎಂದೆ. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು.

ರೂತ್‌ಲಿಂಟ್ ಅಮ್ಮನವರು ಸುರುಳಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೆಳಗಿಟ್ಟರು. “ಕೋಳಿ ಕೆದಕಿದ ಹಾಗಿದೆ. ನನಗೆ ಒಂದಕ್ಷರಾನೂ ಹತ್ತಲ್ಲ. ನೀವೇ ಹೇಳಿ ಇರ್ಮಿನ್‌ಗಾರ್ಟ್. ಖಂಡಿತಾನಾ?”

“ನನ್ನ ಕಣ್ಣಿನಾಣೆ ಖಂಡಿತ,” ಎಂದೆ. “ಇದು ನಮ್ಮ ಇಮ್ಮಾ ಅಕ್ಕ ಕಲಿಸಿದ ಕೈ. ಕಲಿತಿದ್ದು ಸುಮಾರು ನಲವತ್ತೈದು ವರ್ಷದ ಹಿಂದೆ. ಬರೆದೋರಿಗೆ ಈಗ ಅರವತ್ತರ ಹತ್ತಿರ ವಯಸ್ಸು. ಬಹಳ ವರ್ಷದಿಂದ ಲೇಖನಿ ಹಿಡಿದಿಲ್ಲ.”

ಇದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ ಎಂಬುದನ್ನು ನೀವು ದಯವಿಟ್ಟು ಗಮನಿಸಬೇಕು.

“ನಾನು ಹೋಗಿದ್ದೆ,” ಎಂದ ವಿನಿಗಿಸ್. ಟೋಪಿಯನ್ನು ಇನ್ನೊಂದು ಸುತ್ತು ಹಿಂಡಿ ಮತ್ತೆ, “ಹೋಗಿದ್ನಲ್ಲಾ,” ಎಂದ. ಅವನ ಹತ್ತಿರ ಇದ್ದ ವಾದ ಅಷ್ಟೇ.

ಅಮ್ಮನವರು ನಿಯಮ ಹೇಳಿದರು. ಮಧ್ಯಾಹ್ನದೊಳಗೆ ಕೋಣೆ ಬಿಡಬೇಕು. ರೈ ರೊಟ್ಟಿ ಎರಡು, ಒಂದು ಕಂಬಳಿ ಕೊಡುವುದು. ವಿನಿಗಿಸ್ ಟೋಪಿ ಹಾಕಿಕೊಂಡ. ಹೋಗುವಾಗ ನನ್ನ ಮುಖ ನೋಡಿ, “ಇಪ್ಪತ್ತು ವರ್ಷ ಆಯ್ತಮ್ಮೋರೇ,” ಎಂದಷ್ಟೇ ಹೇಳಿದ. ನಾನು ಸುರುಳಿ ಸುತ್ತುತ್ತಿದ್ದೆ.

ಕಳ್ಳನೊಬ್ಬ ಸಿಕ್ಕ, ಅವನ ಜೊತೆ ಕೈ ಜೋಡಿಸಿದವರೂ ಸಿಕ್ಕಬೇಕಲ್ಲ. ಇಮ್ಮಾ ಅಕ್ಕನ ಶಿಷ್ಯೆಯರಲ್ಲಿ ಬರವಣಿಗೆಯ ಕೋಣೆಗೆ ಸೇರಿದವರು ಒಂಬತ್ತು ಜನ. ಏಳು ಜನ ಮಣ್ಣಾಗಿದ್ದರು. ಉಳಿದವರು ನಾನು ಮತ್ತು ಟೆಟ್ಟಾ. ನಾನು ಬರೆದಿರಲಿಲ್ಲ. ಟೆಟ್ಟಾಗೆ ಒಂಬತ್ತು ವರ್ಷದಿಂದ ಕಣ್ಣು ಕಾಣುವುದಿಲ್ಲ, ರೋಗಿಗಳ ಕೋಣೆಯಲ್ಲಿ ಒಲೆಯ ಪಕ್ಕ ಇರುತ್ತಾಳೆ. ಇಳಿಜಾರು ಸಾಲು, ಒತ್ತಿ ಬರೆದ ಗೆರೆ, ನಡುಗು! ಕುರುಡಿಯ ಬರಹ ಇನ್ನು ಹೇಗಿರುತ್ತದೆ? ಬೆಣ್ಣೆಯ ಗುರುತೂ ಕೂಡಿಬಂತು. ವಿನಿಗಿಸ್ ಹೋದಲ್ಲಿಂದೆಲ್ಲ ಅವಳಿಗೆ ಬೆಣ್ಣೆ ತಂದುಕೊಡುತ್ತಿದ್ದ, ಅವಳಿಗೆ ಅವನ ಮೇಲೆ ಮೊದಲಿನಿಂದಲೂ ಅಕ್ಕರೆ. ನನ್ನ ತಲೆ ಓಡಿದ ವೇಗವನ್ನು ನಾನೇ ಮೆಚ್ಚಿಕೊಂಡೆ.

ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಅವಳ ಎದುರು ಹೋಗಿ ನಿಂತೆ.

“ಟೆಟ್ಟಾ, ನಿಜ ಹೇಳು. ವಿನಿಗಿಸ್‌ಗೆ ಬರೆದುಕೊಟ್ಟಿದ್ದು ನೀನೇ ತಾನೇ?”

ಟೆಟ್ಟಾ ಉಣ್ಣೆ ಹಿಂಜುವುದನ್ನು ನಿಲ್ಲಿಸಿದಳು. “ನಾನಾ? ಯಾವ ಕಣ್ಣಲ್ಲಿ ಬರೆದ್ನೇ?”

“ಅದೇ ಮತ್ತೆ, ಕಣ್ಣಿಲ್ಲದೆ ಬರೆದಿದ್ದು ಅಂತ ನೋಡಿದ್ರೇನೇ ಗೊತ್ತಾಗುತ್ತೆ.”

“ಭೇಷ್. ಈ ವಯಸ್ಸಲ್ಲಿ ನಾನು ಬರೆದೆ ಅನ್ನು. ಹೆಮ್ಮೆ ಆಗ್ತಾ ಇದೆ.” ಅವಳು ನಕ್ಕಳು. ಅವಳಿಗೆ ಹಲ್ಲಿಲ್ಲ, ನಕ್ಕರೆ ಸದ್ದು ಬರುವುದಿಲ್ಲ. “ಏನು ಬರೆದಿದೀನಿ ನಾನು?”

“ಏನು ಅಂದ್ರೆ?”

“ಅಯ್ಯೋ, ಏನು ಬರೆದಿದೀನಿ ಅಂತ ಕೇಳಿದೆ ಕಣೇ. ನನ್ನ ಮೇಲೆ ಹೊರಿಸ್ತಾ ಇದೀಯ, ಓದಿಯಾದ್ರೂ ಹೇಳಬಾರದಾ?”

“ಎಲ್ಲಾ ಮಠದೋರು ಬರೆಯೋದೇ. ಸುದ್ದಿ ಬಂತು, ಪ್ರಾರ್ಥಿಸಿದೆವು...”

“ಅದು ಗೊತ್ತು. ಆಮೇಲೆ?”

ಆಮೇಲೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟು ‘ಗ’ ಇದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ, ಹನ್ನೊಂದು. ಯಾವ ‘ಆ’ ಬಾಯಿ ತೆರೆದಿದೆ, ಯಾವುದು ಮುಚ್ಚಿದೆ ಎಂದೂ ಹೇಳುತ್ತಿದ್ದೆ. ಎರಡು ದಿನ ಆ ಬರಹವನ್ನು ನೋಡಿದವಳು ಅದನ್ನು ಓದಿರಲಿಲ್ಲ.

“ಓದೇ,” ಎಂದಳು ಟೆಟ್ಟಾ. “ನಂಗೆ ಅಕ್ಷರ ಕಾಣಲ್ಲ. ಮಾತು ಕೇಳುತ್ತೆ.”

ನಾನು ಸುರುಳಿ ಬಿಚ್ಚಿ ಅವಳ ತೊಡೆಯ ಮೇಲೇ ಹಾಸಿಕೊಂಡು ಗಟ್ಟಿಯಾಗಿ ಓದತೊಡಗಿದೆ.

‘ಸ್ಟೈನ್‌ಮಾಟ್‌ನಿಂದ. ನಿಮ್ಮ ಗೆರ್ಲಿಂಟ್ ಅಮ್ಮನವರ ಸುದ್ದಿ ಬಂತು. ಅವರಿಗಾಗಿ ಪ್ರಾರ್ಥಿಸಿದೆ. ನಮ್ಮವರಿಗಾಗಿ ನೀವು ಪ್ರಾರ್ಥಿಸಿ. ಕೊಯ್ಲಿನ ತಿಂಗಳಲ್ಲಿ ಇಲ್ಲಿಗೆ ಜ್ವರ ಬಂತು. ಹೋದವರು ಇವರು.’

ಆಮೇಲೆ ಹೆಸರುಗಳು. ನಾಲ್ಕನೆಯ ಹೆಸರಿನಿಂದ ಬೆರಳಿಟ್ಟು ಒಂದೊಂದಾಗಿ ಓದಿದೆ. ಮುತ್ತು ಪೋಣಿಸಿದಂತೆ ಬರೆಯುತ್ತಿದ್ದವಳ ಹೆಸರು ಏಳನೆಯದು. ಹತ್ತೊಂಬತ್ತಕ್ಕೆ ಪಟ್ಟಿ ಮುಗಿಯಿತು.

‘ಬರೆಯಬಲ್ಲವರು ಎಲ್ಲರೂ ಹೋದರು. ನಾನು ಅಡುಗೆಯ ಬೆರ್ತಿಲಾ. ಹನ್ನೆರಡು ವರ್ಷದವಳಿದ್ದಾಗ ನಿಮ್ಮಲ್ಲಿಂದ ಬಂದವಳು. ಅಲ್ಲಿಂದೀಚೆಗೆ ಲೇಖನಿ ಹಿಡಿದಿಲ್ಲ. ತಪ್ಪಿದ್ದರೆ ಕ್ಷಮಿಸಿ. ಇರ್ಮಿನ್‌ಗಾರ್ಟ್ ಬದುಕಿದ್ದರೆ ಅವಳಿಗೆ ತೋರಿಸಿ. ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ಬೇರೆ ಯಾರು ನಂಬದಿದ್ದರೂ ಅವಳು ನನ್ನ ಕೈ ನೋಡಿ, ಓದದೆಯೇ ನಂಬುತ್ತಾಳೆ.’

ಟೆಟ್ಟಾ ಚರ್ಮದ ಮೇಲೆ ಕೈಯಾಡಿಸಿದಳು. ಆಮೇಲೆ, “ಬೆರ್ತಿಲಾ,” ಎಂದಳು. “ನಿನ್ನ ಎಡಗಡೆ ಕೂರ್ತಿದ್ಲಲ್ಲಾ. ಇಮ್ಮಾ ಅಕ್ಕ ಅವಳಿಗೆ ‘ನಿನ್ನ ಅಕ್ಷರ ಕುಂಟ ಬಾತುಕೋಳಿ ಕಣೇ, ನೀನು ಅಡುಗೆಮನೆಗೆ ಹೋಗು’ ಅಂದು ಸ್ಟೈನ್‌ಮಾಟ್‌ಗೆ ಕಳಿಸಿದ್ರು.”

ಇಮ್ಮಾ ಅಕ್ಕನ ಶಿಷ್ಯೆಯರನ್ನು ಎಣಿಸುವಾಗ ನಾನು ಅಡುಗೆಯವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಳನೆಯ ವಯಸ್ಸಿನಿಂದ ಐದು ವರ್ಷ ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಚಳಿಗೆ ಇಬ್ಬರೂ ಒಂದೇ ಜೊತೆ ಕೈಗವಸು ಹಾಕಿಕೊಳ್ಳುತ್ತಿದ್ದೆವು, ಅವಳದು ಎಡಗೈ, ನನ್ನದು ಬಲಗೈ. ನನಗೆ ನಾಚಿಕೆಯಾಯಿತು. ಆ ಮಾತನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಅತ್ತುಬಿಟ್ಟೆ.

“ಅಳೋದು ಆಮೇಲೆ,” ಎಂದಳು ಟೆಟ್ಟಾ. “ಆ ಮನುಷ್ಯ ಎಲ್ಲಿ?”

ಮಧ್ಯಾಹ್ನದ ಗಂಟೆ ಆಗಲೇ ಹೊಡೆದಿತ್ತು. ಹೆಬ್ಬಾಗಿಲ ಮೇಲಿನ ಕೋಣೆ ಖಾಲಿ, ಗುಡಿಸಿ ಬೇರೆ ಹೋಗಿದ್ದ. ರೂತ್‌ಲಿಂಟ್ ಅಮ್ಮನವರ ಕಾಲ ಬಳಿ ಸುರುಳಿ ಹಾಸಿ, ಓದಿದ್ದನ್ನೆಲ್ಲ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. “ನಾನು ಓದಕ್ಕೆ ಬರಲ್ಲ ಅಂತ ಓದಲಿಲ್ಲ. ನೀವು?” ಎಂದರು. ಉತ್ತರ ಕೊಡುವ ಮೊದಲೇ, “ಏನು ನಿಂತಿದೀರ? ಅವನು ನದಿ ದಾಟೋ ದೋಣಿ ಹತ್ತೋ ಮುಂಚೆ ಓಡಿ,” ಎಂದರು.

ಐವತ್ತೆಂಟು ವರ್ಷದ ಸನ್ಯಾಸಿನಿ ಓಡುವುದನ್ನು ಎರ್ಲೆನ್‌ಫರ್ಟ್ ಹಿಂದೆ ನೋಡಿರಲಿಲ್ಲ. ಹಂದಿ ಕಾಯುತ್ತಿದ್ದವರು ಎದ್ದು ನಿಂತು ನೋಡಿದರು.

ವಿನಿಗಿಸ್ ದಡದಲ್ಲಿ ಗಂಟಿನ ಮೇಲೆ ಕೂತು ರೊಟ್ಟಿ ಕಡಿಯುತ್ತಿದ್ದ. ದೋಣಿ ಆಚೆ ದಡದಿಂದ ಬರುತ್ತಿತ್ತು.

“ನೀನು ಹೋಗಿದ್ದೆ,” ಎಂದೆ, ಏದುಸಿರು ಬಿಡುತ್ತ.

“ಅದನ್ನೇ ಹೇಳ್ತಾ ಇದ್ದಿದ್ದು,” ಎಂದ.

“ಓದಿದೆ.”

“ಈಗ್ಲಾ?”

“ಈಗ.”

ಅವನು ರೊಟ್ಟಿಯ ಚೂರನ್ನು ನಿಧಾನಕ್ಕೆ ಅಗಿದು ನುಂಗಿದ. ಜ್ವರದ ಸುದ್ದಿ, ಹತ್ತೊಂಬತ್ತು ಜನರ ಸುದ್ದಿ ಹೇಳಿದೆ. ಟೋಪಿ ತೆಗೆದ. “ಅದಕ್ಕೇ ಅಷ್ಟು ದೊಡ್ಡ ಪಾತ್ರೇಲಿ ಅಷ್ಟೇ ಅಷ್ಟು ಗಂಜಿ ಇತ್ತು,” ಎಂದ.

“ತಪ್ಪಾಯ್ತು ವಿನಿಗಿಸ್. ವಾಪಸ್ ಬಾ. ಕೋಣೆ ನಿಂದೇ. ಅಮ್ಮನವರೇ ಕಳಿಸಿದಾರೆ. ನಾಳೆ ಸಭೇಲಿ ಎಲ್ಲರ ಮುಂದೆ ನಾನು ಮಂಡಿಯೂರಿ ಹೇಳ್ತೀನಿ.”

“ಬೇಡಿ ಅಮ್ಮೋರೇ, ನಿಮ್ಮ ಮಂಡೀನೂ ನನ್ನ ಮಂಡಿ ಥರಾನೇ ಆಗಿದೆ.” ಅವನು ಎದ್ದು ಗಂಟನ್ನು ಹೆಗಲಿಗೇರಿಸಿದ. “ನಾನು ಮೇಲಕ್ಕೆ ಹೊರಟಿದೀನಿ. ಸ್ಟೈನ್‌ಮಾಟ್‌ಗೆ.”

“ಅಲ್ಲಿಗ್ಯಾಕೆ? ನಾಕು ದಿನದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತೆ!”

“ಅದಕ್ಕೇ ಇವತ್ತೇ ಹೊರಟಿದ್ದು. ನೀವು ಆಚೆ ಹಾಕಿದ್ಮೇಲೆ ಎಲ್ಲಿಗೆ ಹೋಗ್ಲಿ ಅಂತ ಯೋಚ್ನೆ ಮಾಡ್ದೆ. ಹೋಗಿದ್ದೆ ಅಂತ ಸಾಕ್ಷಿ ಹೇಳೋರು ಲೋಕದಲ್ಲಿ ಅವರೊಬ್ಬರೇ. ಅವರತ್ರಾನೇ ಹೋಗಣ ಅಂತ. ಈಗ ನೀವು ಹೇಳಿದ್ಮೇಲೆ ಹೋಗ್ಲೇಬೇಕು. ಸೌದೆ ಯಾರು ಒಡೀತಾರೆ ಅಲ್ಲಿ? ಕಿಂಡಿ ಆಚೆ ನಾನು ಕೊಟ್ಟಿಗೇಲಿ ಇರ್ತೀನಿ, ಈಚೆ ಅವರಿರ್ಲಿ. ನಿಯಮ ಮುರಿಯಲ್ಲ.”

“ಹೆಬ್ಬಾಗಿಲ ಕೋಣೆ?”

“ಖಾಲಿ ಇರ್ಲಿ ಬಿಡಿ. ಬೇಸಿಗೇಲಿ ಬರ್ತೀನೋ ಇಲ್ವೋ ನೋಡಣ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ದೋಣಿ ದಡ ಮುಟ್ಟಿತು. “ಒಂದು ಗಳಿಗೆ ತಡಿ,” ಎಂದು ದೋಣಿಯವನಿಗೆ ಕೂಗಿ ಹೇಳಿದೆ. ಶಾಯಿಯ ಕೊಂಬು, ಲೇಖನಿ ನನ್ನ ಸೊಂಟದಲ್ಲಿ ಯಾವಾಗಲೂ ಇರುತ್ತದೆ. ಚರ್ಮದ ಚೂರೊಂದನ್ನು ದೋಣಿಯ ಅಂಚಿನ ಮೇಲಿಟ್ಟು ದುಂಡಕ್ಷರದಲ್ಲಿ ಒಂದು ಪದ ಬರೆದೆ. ಬರೆದ ಮೇಲೆ ಬೆರ್ತಿಲಾಗೆ ದುಂಡಕ್ಷರ ಬರುವುದಿಲ್ಲ ಎಂದು ನೆನಪಾಯಿತು. ಅವಳು ಕಲಿತದ್ದು ಕೊಕ್ಕೆ ಮಾತ್ರ. ಹೊಡೆದುಹಾಕಿ ಮತ್ತೆ ಶುರುಮಾಡಿದೆ. ಮೂವತ್ತಾರು ವರ್ಷದಿಂದ ಕೊಕ್ಕೆ ಬರೆಯದ ಕೈ ನಡುಗಿತು. ಸಾಲು ಇಳಿಜಾರಾಯಿತು, ಲೇಖನಿ ಚರ್ಮಕ್ಕೆ ಚುಚ್ಚಿಕೊಂಡಿತು. ‘ಗ’ದ ಬಾಲ ಮಾತ್ರ ತಾನಾಗಿ ಒಳಕ್ಕೆ ಸುತ್ತಿಕೊಂಡಿತು. ‘ನಾನು ಇದ್ದೇನೆ. ಓದುವುದು ತಡವಾಯಿತು. ಹತ್ತೊಂಬತ್ತು ಹೆಸರೂ ಇವತ್ತು ಸಂಜೆಯಿಂದ ನಮ್ಮ ಪ್ರಾರ್ಥನೆಯಲ್ಲಿರುತ್ತವೆ. ಇವನನ್ನು ನಂಬು. ಬೇಸಿಗೆಗೆ ಇಳಿದು ಬಾ, ಬೆಂಚಿನಲ್ಲಿ ನಿನ್ನ ಜಾಗ ಹಾಗೇ ಇದೆ.’ ಕೊನೆಯ ಮಾತು ಸುಳ್ಳು. ಆ ಬೆಂಚನ್ನು ಯಾವತ್ತೋ ಸೌದೆಗೆ ಹಾಕಿದ್ದರು.

ವಿನಿಗಿಸ್ ಚೂರನ್ನು ತೆಗೆದುಕೊಂಡು, ಓದು ಬರದವರು ನೋಡುವ ಹಾಗೆ, ಮೇಲಿನಿಂದ ಕೆಳಕ್ಕೆ ನೋಡಿದ.

“ಅಮ್ಮೋರೇ, ಇದು ಆ ಅಮ್ಮೋರು ಬರ್ದಂಗೇ ಇದೆ.”

“ಹೂಂ.”

“ಅಲ್ಲಾ, ಅವರಿಗೆ ಅನುಮಾನ ಬಂದ್ರೆ? ಇವನೇ ದಾರೀಲಿ ಯಾರತ್ರಾನೋ ಬರೆಸ್ಕೊಂಡು ಬಂದವ್ನೆ ಅಂತ ನನ್ನನ್ನ ಅಲ್ಲಿಂದಾನೂ ಆಚೆ ಹಾಕಿದ್ರೆ?”

ಅವನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಹೆದರಿ ಕೇಳಿದ್ದ. ಇಪ್ಪತ್ತು ವರ್ಷ ಅವನು ಹೊತ್ತು ತಂದ ಯಾವ ಸುರುಳಿಯ ಬಗ್ಗೆಯೂ ಅವನಿಗೆ ಆ ಹೆದರಿಕೆ ಇರಲಿಲ್ಲ, ಈಗ ಬಂದಿತ್ತು. ತಂದಿಟ್ಟವಳು ನಾನು.

“ಹಾಕಲ್ಲ,” ಎಂದೆ. “ಅವಳು ಓದ್ತಾಳೆ.”

ಅವನು ಚೂರನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ದೋಣಿ ಹತ್ತಿದ. ನಾನು ಮಠಕ್ಕೆ ನಡೆದುಕೊಂಡು ಬಂದೆ, ಓಡಲು ಇನ್ನು ಕಾರಣವಿರಲಿಲ್ಲ. ಸಂಜೆಯ ಪ್ರಾರ್ಥನೆಗೆ ಎಲ್ಲರೂ ಸೇರಿದಾಗ ಸುರುಳಿ ಬಿಚ್ಚಿ ನಿಂತು, ಹತ್ತೊಂಬತ್ತು ಹೆಸರುಗಳನ್ನು ಒಂದೊಂದಾಗಿ ಓದಿದೆ. ಅಕ್ಷರ ಹೇಗಿತ್ತು ಎಂದು ಆಮೇಲೆ ಹುಡುಗಿಯರು ಕೇಳಿದರು. ನೋಡಲಿಲ್ಲ ಎಂದೆ.